ಮಸುಕಾದ ಹಕ್ಕಿಯನ್ನು ಮಸುಕಾಗಿಯೇ ಬಿಡುವುದು

ಪಾವಗಡ ತಾಲ್ಲೂಕಿನ ವಳ್ಳೂರಿಗೆ ಹೊರಗಿನವರು ಬರುವುದು ಹೆಚ್ಚಾಗಿ ಬಿಸಿಲಿನ ಕೆಲಸಕ್ಕೆ. ತಿರುಮಣಿ, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು, ವಳ್ಳೂರು: ಈ ಐದು ಹಳ್ಳಿಗಳ ಸುಮಾರು 13,000 ಎಕರೆ ಜಮೀನಿನ ಮೇಲೆ ಸೋಲಾರ್ ಪಾರ್ಕ್ ಹರಡಿಕೊಂಡಿದೆ. 2018ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು, 2019ರ ಕೊನೆಯ ಹೊತ್ತಿಗೆ 2,050 ಮೆಗಾವ್ಯಾಟ್ ಪೂರ್ತಿಯಾಯಿತು. ರೈತರು ಜಮೀನು ಮಾರಿಲ್ಲ, ಗುತ್ತಿಗೆಗೆ ಕೊಟ್ಟಿದ್ದಾರೆ. ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡ 5 ಏರಿಕೆ. ಮಳೆ ನಂಬಿ ಕಡ್ಲೆಕಾಯಿ ಬಿತ್ತಿ ಕೈಸುಟ್ಟುಕೊಂಡ ಸೀಮೆಯಲ್ಲಿ ಬಿಸಿಲೇ ಬೆಳೆಯಾಗಿದೆ.

ನಾನು ಮಾತ್ರ ಇಲ್ಲಿ ಬಿಸಿಲು ಹೋಗಲಿ ಎಂದು ಕಾಯುವವಳು.

ನನ್ನ ಪಿಎಚ್‌.ಡಿ. ಹಕ್ಕಿಗಳ ಮೇಲಲ್ಲ. ಜಮೀನು ಗುತ್ತಿಗೆಗೆ ಹೋದ ಮೇಲೆ ಈ ಹಳ್ಳಿಗಳಲ್ಲಿ ಕುರಿ ಮೇಯಿಸುವವರ ಬದುಕು ಹೇಗಿದೆ ಎನ್ನುವುದು ನನ್ನ ವಿಷಯ. ಬೇಲಿಯೊಳಗೆ ಹೋದ ಜಮೀನಿನ ಲೆಕ್ಕ ಎಲ್ಲರ ಹತ್ತಿರವೂ ಇದೆ. ಬೇಲಿಯ ಹೊರಗೆ ಉಳಿದ ಹುಲ್ಲಿನ ಲೆಕ್ಕ ಇಟ್ಟವರು ಕಡಿಮೆ. ಆ ಹುಲ್ಲನ್ನು ಹುಡುಕಿಕೊಂಡು ಕುರಿಗಳ ಹಿಂದೆ ನಡೆಯುವುದು ನನ್ನ ಕ್ಷೇತ್ರಕಾರ್ಯ. ಹಕ್ಕಿ ಬಂದದ್ದು ಆ ದಾರಿಯಲ್ಲೇ. ಊರಾಚೆ, ಬಳ್ಳಾರಿ ಜಾಲಿಯ ಸಾಲು ದಾಟಿದರೆ ಒಂದು ಬೀಳು ನೆಲವಿದೆ. ಮೊಣಕಾಲುದ್ದ ಒಣಹುಲ್ಲು, ನಡುನಡುವೆ ಕಲ್ಲುಗುಡ್ಡೆ. ಚಳಿಗಾಲದಲ್ಲಿ ಸೂರ್ಯ ಮುಳುಗಿದ ಮೇಲೆ ಆ ಹುಲ್ಲಿನ ಮೇಲೆ ಉದ್ದ ರೆಕ್ಕೆಯ ಹಕ್ಕಿಯೊಂದು ತೀರ ಕೆಳಗೆ, ಏನನ್ನೋ ಕಳೆದುಕೊಂಡು ಹುಡುಕುತ್ತಿರುವಂತೆ ತೇಲಿ ಬರುತ್ತದೆ. ಕೆಲವು ಸಂಜೆ ಒಂದು, ಕೆಲವು ಸಂಜೆ ಎರಡು ಮೂರು.

ಇಂಗ್ಲಿಷ್‌ನಲ್ಲಿ ಹ್ಯಾರಿಯರ್, ನಮ್ಮ ಪಕ್ಷಿ ಪುಸ್ತಕಗಳಲ್ಲಿ ಸೆಳೆವ. ಹದ್ದಿನ ಬಳಗದ್ದೇ ಆದರೂ ಹದ್ದಿನ ಹಾಗೆ ಮರ ಹತ್ತಿ ಮಲಗುವುದಿಲ್ಲ. ಮಧ್ಯ ಏಷ್ಯಾದ ಹುಲ್ಲುಬಯಲುಗಳಲ್ಲಿ ಮರಿ ಮಾಡಿ, ಚಳಿಗೆ ಮುಂಚೆ ಸಾವಿರಾರು ಕಿಲೋಮೀಟರ್ ಹಾರಿ ಬಂದು, ಇಲ್ಲಿನ ಹುಲ್ಲಿನಲ್ಲೇ ನೆಲದ ಮೇಲೆ ರಾತ್ರಿ ಕಳೆಯುತ್ತದೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಬಯಲಿನಲ್ಲಿ ನಾನು ಇದನ್ನು ಮೊದಲು ನೋಡಿದ್ದು. ಅಲ್ಲಿನ 798 ಎಕರೆ ಹುಲ್ಲುಗಾವಲನ್ನು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶ ಎಂದು ಘೋಷಿಸಿದ್ದರಿಂದ ಹಕ್ಕಿ ನೋಡುವವರೂ ಫೋಟೊ ತೆಗೆಯುವವರೂ ಅಲ್ಲಿಗೆ ಹೋಗುತ್ತಾರೆ. ವಳ್ಳೂರಿನ ಬೀಳು ನೆಲಕ್ಕೆ ಅಂಥ ಹೆಸರಿಲ್ಲ. ಹಾಗಾಗಿ ಇಲ್ಲಿ ಸೆಳೆವ ಬರುತ್ತದೆ ಎಂದರೆ ಯಾರಾದರೂ ಕೇಳುವ ಮೊದಲ ಪ್ರಶ್ನೆ, ‘ಫೋಟೊ ಇದೆಯಾ?’

ಫೋಟೊ ತೆಗೆಯುವುದು ಎಷ್ಟು ಕಷ್ಟ ಎನ್ನುವುದಕ್ಕೆ ಒಂದು ಲೆಕ್ಕ ಹೇಳುತ್ತೇನೆ. ನಡುಮಧ್ಯಾಹ್ನದ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್. ಸೂರ್ಯ ಮುಳುಗುವ ಕ್ಷಣಕ್ಕೆ ಅದು ಕೆಲವು ನೂರಕ್ಕೆ ಇಳಿದಿರುತ್ತದೆ. ಮುಸ್ಸಂಜೆ ಮುಗಿದು ಓದಲು ದೀಪ ಬೇಕು ಅನ್ನಿಸುವ ಹೊತ್ತಿಗೆ ಮೂರೋ ನಾಲ್ಕೋ ಲಕ್ಸ್. ಯೂರೋಪಿನಲ್ಲಿ ಸೂರ್ಯ ಓರೆಯಾಗಿ ಇಳಿಯುವುದರಿಂದ ಮುಸ್ಸಂಜೆ ಉದ್ದ. ನಮ್ಮ ಸೀಮೆಯಲ್ಲಿ ಹೆಚ್ಚುಕಡಿಮೆ ನೇರವಾಗಿ ಇಳಿದುಬಿಡುತ್ತಾನೆ, ಸಿಗುವುದು ಇಪ್ಪತ್ತೆರಡು ಇಪ್ಪತ್ನಾಲ್ಕು ನಿಮಿಷ. ಸೆಳೆವ ಮಲಗಲು ಬರುವುದು ಆ ನಿಮಿಷಗಳ ಕೊನೆಯರ್ಧದಲ್ಲಿ.

ಕ್ಯಾಮೆರಾಕ್ಕೆ ಬೆಳಕು ಒದಗಿಸಲು ಇರುವ ದಾರಿಗಳು ಮೂರೇ. ಶಟರ್ ಹೆಚ್ಚು ಹೊತ್ತು ತೆರೆದಿಡಬಹುದು, ಲೆನ್ಸಿನ ಕಂಡಿ ದೊಡ್ಡದು ಮಾಡಬಹುದು, ಇಲ್ಲವೇ ಐಎಸ್‌ಒ ಏರಿಸಬಹುದು. ಮೂರಕ್ಕೂ ಬೆಲೆ ಇದೆ.

ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ ಹೋಗುವ ಹಕ್ಕಿ ಸೆಕೆಂಡಿಗೆ ಹತ್ತು ಮೀಟರ್ ಮುಂದೆ ಹೋಗಿರುತ್ತದೆ. ಶಟರ್ ಸೆಕೆಂಡಿನ ಸಾವಿರದಲ್ಲೊಂದು ಭಾಗ ತೆರೆದಿದ್ದರೆ ಅಷ್ಟರಲ್ಲಿ ಹಕ್ಕಿ ಸರಿಯುವುದು ಒಂದು ಸೆಂಟಿಮೀಟರ್. ಐವತ್ತರಲ್ಲೊಂದು ಭಾಗ ತೆರೆದಿದ್ದರೆ ಇಪ್ಪತ್ತು ಸೆಂಟಿಮೀಟರ್. ಚಿತ್ರದಲ್ಲಿ ಆಗ ಹಕ್ಕಿ ಇರುವುದಿಲ್ಲ, ಹಕ್ಕಿ ಎಳೆದುಹೋದ ಗೀರು ಇರುತ್ತದೆ. ಇನ್ನು ಕಂಡಿ ದೊಡ್ಡದು ಮಾಡೋಣವೆಂದರೆ ನನ್ನ ಹತ್ತಿರ ಇರುವುದು ಸೆಕೆಂಡ್ ಹ್ಯಾಂಡ್ 100–400 ಲೆನ್ಸು. 400ರ ತುದಿಯಲ್ಲಿ ಅದು ಎಫ್ 5.6ಕ್ಕೆ ನಿಂತುಬಿಡುತ್ತದೆ. ಎಫ್ 2.8ರ 400 ಲೆನ್ಸು ನಾಲ್ಕು ಪಟ್ಟು ಬೆಳಕು ಒಳಗೆ ಬಿಡುತ್ತದೆ, ಹೊಸದಕ್ಕೆ ಹತ್ತು ಲಕ್ಷ ರೂಪಾಯಿಗೂ ಮೇಲೆ. ಒಂದು ಎಕರೆಯ ಬಿಸಿಲಿಗೆ ವರ್ಷಕ್ಕೆ 21,000ದಿಂದ ಗುತ್ತಿಗೆ ಶುರುವಾದ ಊರಿನಲ್ಲಿ ನಿಂತು ನಾಲ್ಕು ಪಟ್ಟು ಮಬ್ಬು ಬೆಳಕಿಗೆ ಹತ್ತು ಲಕ್ಷ ಎಂದು ಲೆಕ್ಕ ಹಾಕಿದಾಗ ನನಗೇ ನಗು ಬಂತು.

ಉಳಿದದ್ದು ಐಎಸ್‌ಒ. ಅದನ್ನು ಏರಿಸಿದರೆ ಬೆಳಕು ಹೆಚ್ಚುತ್ತದೆ ಎಂದು ಹಲವರು ತಿಳಿದಿದ್ದಾರೆ. ಬೆಳಕು ಒಂದು ಕಣವೂ ಹೆಚ್ಚುವುದಿಲ್ಲ. ದೂರದ ಸ್ಟೇಷನ್ ಸರಿಯಾಗಿ ಸಿಗದಾಗ ರೇಡಿಯೊ ಸೌಂಡ್ ಜಾಸ್ತಿ ಮಾಡಿದ ಹಾಗೆ, ಹಾಡಿನ ಜೊತೆ ಗೊರಗೊರ ಸದ್ದೂ ಏರುತ್ತದೆ. ಚಿತ್ರದಲ್ಲಿ ಆ ಗೊರಗೊರ ರವೆ ಚೆಲ್ಲಿದಂತೆ ಕಾಣುತ್ತದೆ. ಅದು ಕ್ಯಾಮೆರಾದ ದೋಷ ಮಾತ್ರವಲ್ಲ, ಬೆಳಕಿನ ಸ್ವಭಾವವೇ ಹಾಗೆ. ತುಂತುರು ಶುರುವಾದಾಗ ಅಂಗಳವನ್ನು ನೋಡಿ. ಒಂದು ಕಲ್ಲಿನ ಮೇಲೆ ಐದು ಹನಿ, ಪಕ್ಕದ ಕಲ್ಲಿನ ಮೇಲೆ ಎರಡೇ ಹನಿ. ಜೋರು ಮಳೆ ಬಂದರೆ ಅಂಗಳವೆಲ್ಲ ಒಂದೇ ಸಮ ತೋಯುತ್ತದೆ. ಬೆಳಕೂ ಹನಿಹನಿಯಾಗಿ ಬೀಳುವಂಥದ್ದು. ಹನಿ ಕಡಿಮೆಯಾದಾಗ ಯಾವ ಬಿಂದುವಿಗೆ ಎಷ್ಟು ಬಿತ್ತು ಎನ್ನುವುದು ಅದೃಷ್ಟದ ಮಾತಾಗುತ್ತದೆ. ಚಿತ್ರದ ರವೆ ಎಂದರೆ ಆ ಏರುಪೇರು.

ಹೀಗಾಗಿ ಮಬ್ಬು ಬೆಳಕಿನಲ್ಲಿ ಹಾರುವ ಹಕ್ಕಿಯ ಚಿತ್ರ ತೆಗೆಯುವವರು ಏನನ್ನು ಕಳೆದುಕೊಳ್ಳಲು ತಯಾರಿದ್ದೇವೆ ಎಂದು ಮೊದಲೇ ತೀರ್ಮಾನಿಸಿಕೊಳ್ಳಬೇಕು. ರೆಕ್ಕೆಯ ಗೆರೆ ಹೋಗಲಿ ಎಂದರೆ ಶಟರ್ ನಿಧಾನ ಮಾಡಬೇಕು, ಮೈಯ ನುಣುಪು ಹೋಗಲಿ ಎಂದರೆ ಐಎಸ್‌ಒ 12,800ಕ್ಕೆ ಏರಿಸಬೇಕು, ಮೈಬಣ್ಣವೇ ಹೋಗಲಿ ಎಂದರೆ ಪಡುವಣದ ಕೆಂಪಿಗೆ ಎದುರಾಗಿ ಬರೀ ನೆರಳನ್ನು ಹಿಡಿಯಬೇಕು. ಏನೂ ಹೋಗಬಾರದು ಎನ್ನುವವರು ಬೆಳಿಗ್ಗೆ ಎಂಟು ಗಂಟೆಗೆ ಬರಬೇಕು. ಬೆಳಿಗ್ಗೆ ಎಂಟಕ್ಕೆ ಸೆಳೆವ ಮಲಗಿರುವುದಿಲ್ಲ. ಅದು ಎಲ್ಲಿ ಮಲಗುತ್ತದೆ ಎನ್ನುವುದೇ ನನಗೆ ಬೇಕಾದ ಸಂಗತಿ.

ಕೆಲವು ಉಪಾಯಗಳಿವೆ. ಸೆಳೆವ ಸದಾ ರೆಕ್ಕೆ ಬಡಿಯುವುದಿಲ್ಲ. ನಾಲ್ಕೈದು ಬಡಿತ, ಆಮೇಲೆ ರೆಕ್ಕೆಗಳನ್ನು ಸ್ವಲ್ಪ ಮೇಲಕ್ಕೆತ್ತಿ ಹಿಡಿದು ಒಂದಷ್ಟು ದೂರ ತೇಲು. ಆ ತೇಲುವ ಗಳಿಗೆಗೆ ಕಾದರೆ ಸೆಕೆಂಡಿನ 125ರಲ್ಲೊಂದು ಭಾಗದ ಶಟರಿನಲ್ಲೂ ತಲೆ ಮತ್ತು ಭುಜ ಉಳಿಯುತ್ತವೆ. ಹಕ್ಕಿಯ ಜೊತೆಗೇ ಕ್ಯಾಮೆರಾ ತಿರುಗಿಸಬೇಕು, ತೋಳಿನಿಂದ ಅಲ್ಲ, ಸೊಂಟದಿಂದ. ಕಾಲು ಮೊದಲೇ ಹಕ್ಕಿ ಹೋಗುವ ಕಡೆಗೆ ಊರಿರಬೇಕು. ಕ್ಲಿಕ್ಕಿಸಿದ ಮೇಲೂ ತಿರುಗುವುದನ್ನು ನಿಲ್ಲಿಸಬಾರದು. ಆಗ ಹಿಂದಿನ ಹುಲ್ಲೆಲ್ಲ ಅಡ್ಡಗೆರೆಗಳಾಗಿ, ಹಕ್ಕಿಯ ಮುಖ ಮಾತ್ರ ಹಾಗೇ ನಿಲ್ಲುತ್ತದೆ. ನೂರು ಚಿತ್ರಕ್ಕೆ ಒಂದೋ ಎರಡೋ.

ಈ ನೆಲದಲ್ಲಿ ದಿನವೂ ಕುರಿ ಹೊಡೆದುಕೊಂಡು ಹೋಗುವ ತಾತ ಒಬ್ಬರಿದ್ದಾರೆ. ಎಪ್ಪತ್ತು ದಾಟಿದೆ. ಹೆಗಲ ಮೇಲೆ ಕಂಬಳಿ, ಮಾತಿನಲ್ಲಿ ಅರ್ಧ ತೆಲುಗು ಅರ್ಧ ಕನ್ನಡ, ಪಾವಗಡದವರೆಲ್ಲರ ಹಾಗೆ. ಲೆನ್ಸನ್ನು ಮೊದಲ ದಿನ ನೋಡಿ ದೂರದಲ್ಲೇ ನಿಂತು ಕೇಳಿದ್ದರು, “ಏನಮ್ಮಾ ಅದು, ತುಪಾಕಿಯಾ?”

“ಅಲ್ಲ ತಾತ, ಕ್ಯಾಮೆರಾ. ಹಕ್ಕಿ ಫೋಟೊ ತೆಗೆಯೋದಕ್ಕೆ.”

“ಹಂಗಾರೆ ಸರಿ. ತುಪಾಕಿ ಹಿಡ್ಕಂಡಂಗೇ ಹಿಡ್ಕಂಡಿದ್ದೀಯಲ್ಲ, ಅದಕ್ಕೇ ಕೇಳ್ದೆ.”

ತಾತನ ಅನುಮಾನದ ಹಿಂದೆ ಒಂದು ಇತಿಹಾಸವೇ ಇದೆ. ಹಾರುವ ಹಕ್ಕಿಯ ಚಿತ್ರಗಳನ್ನು ಸರಣಿಯಾಗಿ ತೆಗೆಯಲು ಫ್ರಾನ್ಸಿನ ಎತಿಯೆನ್ ಜೂಲ್ ಮಾರೆ 1882ರಲ್ಲಿ ಮಾಡಿಕೊಂಡ ಸಾಧನ ನಿಜಕ್ಕೂ ಕೋವಿಯ ಆಕಾರದ್ದೇ. ಭುಜಕ್ಕೆ ಆನಿಸಿ ಗುರಿಯಿಟ್ಟು ಕುದುರೆ ಎಳೆದರೆ ಸೆಕೆಂಡಿಗೆ ಹನ್ನೆರಡು ಚಿತ್ರ. ಒಂದೊಂದು ಚಿತ್ರಕ್ಕೂ ಸೆಕೆಂಡಿನ 720ರಲ್ಲೊಂದು ಭಾಗ. ಅಂದಿನ ಫಲಕಗಳಿಗೆ ಅಷ್ಟು ಕಡಿಮೆ ಹೊತ್ತಿನಲ್ಲಿ ಚಿತ್ರ ಮೂಡಬೇಕಾದರೆ ಒಳ್ಳೆಯ ಬಿಸಿಲೇ ಬೇಕು. ಮಾರೆಗೆ ಹಕ್ಕಿಯ ಅಂದ ಮುಖ್ಯವಾಗಿರಲಿಲ್ಲ. ಅವನು ಶರೀರಶಾಸ್ತ್ರಜ್ಞ, ರೆಕ್ಕೆ ಹೇಗೆ ಚಲಿಸುತ್ತದೆ ಎಂದು ಅಳೆಯಬೇಕಿತ್ತು. ಹಾರುವ ಹಕ್ಕಿಯ ಚಿತ್ರ ಹುಟ್ಟಿದ್ದೇ ಸಾಕ್ಷಿಯಾಗಿ ಎನ್ನುವುದು ನನಗೆ ಆಗಾಗ ನೆನಪಾಗುತ್ತದೆ.

ಕತ್ತಲನ್ನು ಗೆಲ್ಲಲು ಆಮೇಲೆ ಫ್ಲ್ಯಾಶ್ ಬಂತು. ಇಂಗ್ಲೆಂಡಿನ ಎರಿಕ್ ಹೊಸ್ಕಿಂಗ್ ಗೂಬೆಗಳ ಚಿತ್ರ ತೆಗೆಯುವುದರಲ್ಲಿ ಹೆಸರಾದವರು. 1937ರಲ್ಲಿ ಗೂಡಿನ ಬಳಿ ಗೂಬೆಯೊಂದು ಎರಗಿ ಅವರ ಒಂದು ಕಣ್ಣು ಹೋಯಿತು. ಆದರೂ ಬಿಡದೆ ದಶಕಗಳ ಕಾಲ ಚಿತ್ರ ತೆಗೆದರು. ವಳ್ಳೂರಿನಲ್ಲಿ ನಾನು ಫ್ಲ್ಯಾಶ್ ಬಳಸುವುದಿಲ್ಲ. ದೂರದ ಸೆಳೆವಕ್ಕೆ ಅದು ಮುಟ್ಟುವುದೂ ಇಲ್ಲ, ಮುಟ್ಟಿದರೆ ಮಲಗಲು ಬಂದ ಹಕ್ಕಿ ಎದ್ದು ಹೋಗುತ್ತದೆ. ಸೆಳೆವ ಇಳಿದ ಮೇಲೆ ಹೊರಡುವ ನೈಟ್‌ಜಾರ್, ಅಂದರೆ ನಮ್ಮ ನತ್ತಿಂಗ, ಬಿಸಿಲು ಹೀರಿದ ರಸ್ತೆಯ ಮೇಲೆ ಕೂತಿರುತ್ತದೆ. ಕತ್ತಲಿಗೆ ಹೊಂದಿಕೊಂಡ ಆ ಕಣ್ಣಿಗೆ ಟಾರ್ಚು ಬಿಟ್ಟರೆ ಚಿತ್ರವೇನೋ ಸುಲಭ. ಆದರೆ ಕಣ್ಣು ಕುಕ್ಕಿದ ಹಕ್ಕಿ ರಸ್ತೆಯಲ್ಲೇ ಕೂತಿರುವಾಗ ಹಿಂದಿನಿಂದ ಬೈಕು ಬಂದರೆ?

ಹೀಗೆ ಎರಡು ಚಳಿಗಾಲ ತೆಗೆದ ಚಿತ್ರಗಳಲ್ಲಿ ಒಂದು ನನ್ನನ್ನು ತುಂಬ ಯೋಚನೆಗೆ ಹಚ್ಚಿತು. ಕಂದು ಮೈಯ ಸೆಳೆವ, ಬಾಲದ ಬುಡದಲ್ಲಿ ಬಿಳಿ ಪಟ್ಟಿ, ರೆಕ್ಕೆ ಎತ್ತಿ ಹುಲ್ಲಿಗೆ ಇಳಿಯುತ್ತಿದೆ. ಶಟರ್ 125ರಲ್ಲೊಂದು, ಐಎಸ್‌ಒ 12,800. ರೆಕ್ಕೆಯ ತುದಿಗಳು ಅಳಿಸಿಹೋಗಿವೆ, ಮುಖ ಇದೆಯೋ ಇಲ್ಲವೋ ಎನ್ನುವಂತಿದೆ. ನಮ್ಮ ಬಯಲುಸೀಮೆಗೆ ಬರುವ ಸೆಳೆವಗಳಲ್ಲಿ ಪ್ಯಾಲಿಡ್ ಮತ್ತು ಮಾಂಟೆಗು ಎಂಬ ಎರಡು ಜಾತಿಗಳ ಗಂಡುಗಳನ್ನು ಗುರುತಿಸುವುದು ಅಷ್ಟೇನೂ ಕಷ್ಟವಲ್ಲ. ಹೆಣ್ಣು ಮತ್ತು ಎಳೆಯ ಹಕ್ಕಿಗಳು ಮಾತ್ರ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಥರ. ಕತ್ತಿನ ಸುತ್ತ ತಿಳಿಬಣ್ಣದ ಪಟ್ಟಿ ಇದೆಯೇ, ಮುಖದ ಗುರುತು ಹೇಗಿದೆ, ರೆಕ್ಕೆಯ ತಳದ ಅಡ್ಡಗೆರೆಗಳು ಹೇಗಿವೆ ಎಂದೆಲ್ಲ ನೋಡಿ ಹೇಳಬೇಕು. ಮಬ್ಬಿನಲ್ಲಿ ಮೊದಲು ಹೋಗುವುದು ಈ ಗುರುತುಗಳೇ.

ಚಿತ್ರವನ್ನು ನೋಡಿದ ಗೆಳೆಯನೊಬ್ಬ, ಈಗ ರವೆ ತೆಗೆಯುವ ಒಳ್ಳೊಳ್ಳೆಯ ಸಾಫ್ಟ್‌ವೇರ್‌ಗಳಿವೆ ಎಂದು ತನ್ನ ಕಂಪ್ಯೂಟರಿನಲ್ಲಿ ಹಾಕಿ ತೋರಿಸಿದ. ಅರ್ಧ ನಿಮಿಷ. ರವೆ ಹೋಯಿತು. ಅಷ್ಟೇ ಅಲ್ಲ, ಹಕ್ಕಿಯ ಕತ್ತಿನ ಸುತ್ತ ತಿಳಿಬಣ್ಣದ ತೆಳು ಪಟ್ಟಿಯೊಂದು ಮೂಡಿತು. ರೆಕ್ಕೆಯ ಅಂಚಿನಲ್ಲಿ ಗರಿಗಳು ಬಿಡಿಬಿಡಿಯಾಗಿ ಎಣಿಸಲು ಬರುವಂತಾದವು. “ನೋಡು, ಪ್ಯಾಲಿಡ್ಡೇ!” ಎಂದ. ಇನ್ನೊಂದು ಸಾಫ್ಟ್‌ವೇರ್‌ನಲ್ಲಿ ಅದೇ ಚಿತ್ರ ಹಾಕಿದೆವು. ಅದರಲ್ಲಿ ಪಟ್ಟಿ ಇರಲಿಲ್ಲ.

ಇವುಗಳಲ್ಲಿ ಕೆಲವು ರವೆಯನ್ನು ಬರೀ ಗುಡಿಸುವುದಿಲ್ಲ. ಅಸಂಖ್ಯ ಚಿತ್ರಗಳನ್ನು ಕಂಡು ಕಲಿತ ಅಭ್ಯಾಸದಿಂದ, ಇಂಥ ಕಡೆ ಇಂಥದ್ದು ಇರಬಹುದು ಎಂದು ಊಹಿಸಿ ತುಂಬಿಸುತ್ತವೆ. ಗೋಡೆಗೆ ಹಾಕುವ ಚಿತ್ರವಾದರೆ ನನ್ನ ತಕರಾರಿಲ್ಲ. ಆದರೆ ಆ ಕತ್ತಿನ ಪಟ್ಟಿ ವಳ್ಳೂರಿನ ಹಕ್ಕಿಯದ್ದಲ್ಲ, ಬೇರೆ ಯಾವುದೋ ಒಳ್ಳೆಯ ಬೆಳಕಿನಲ್ಲಿ ಹಾರಿದ ಬೇರೆ ಹಕ್ಕಿಗಳ ಕತ್ತುಗಳ ಸರಾಸರಿ. ಅದನ್ನು ದಾಖಲೆಗೆ ಸೇರಿಸಿದರೆ ನಾನು ಕಾಣದ್ದನ್ನು ಕಂಡೆ ಎಂದಂತೆ. ಇ-ಬರ್ಡ್‌ನಂಥ ದಾಖಲೆಯಲ್ಲೂ ‘ಇದು ಅಥವಾ ಅದು’ ಎಂದು, ಇಲ್ಲವೇ ಬರೀ ‘ಸೆಳೆವದ ಯಾವುದೋ ಜಾತಿ’ ಎಂದು ಬರೆಯಲು ಜಾಗವಿದೆ. ಆ ಜಾಗ ಇರುವುದೇ ಇಂಥ ಸಂಜೆಗಳಿಗಾಗಿ.

ಅದೇ ಸಾಫ್ಟ್‌ವೇರ್ ಇನ್ನೊಂದು ಸಹಾಯಕ್ಕೂ ಮುಂದೆ ಬಂತು. ಚಿತ್ರದ ಮೇಲ್ಭಾಗದಲ್ಲಿ ಹೈಟೆನ್ಷನ್ ಲೈನಿನ ಮೂರು ತಂತಿಗಳಿದ್ದವು. ಒಂದು ಕ್ಲಿಕ್ಕಿಗೆ ಅಳಿಸಬಹುದು, ಆಕಾಶ ಶುಭ್ರವಾಗುತ್ತದೆ. ತಂತಿಯೆಂದರೆ ಚಿತ್ರದ ಕಸ ಎಂದು ನಮ್ಮ ಕಣ್ಣಿಗೆ ಅಭ್ಯಾಸವಾಗಿದೆ. ಹಕ್ಕಿಗೆ ಅದು ಕಸವಲ್ಲ. ಮಬ್ಬು ಬೆಳಕಿನಲ್ಲಿ ತಂತಿ ನಮಗೆ ಕಾಣದ ಹಾಗೆ ಹಕ್ಕಿಗಳಿಗೂ ಸರಿಯಾಗಿ ಕಾಣುವುದಿಲ್ಲ. ರಾಜಸ್ಥಾನ, ಗುಜರಾತಿನಲ್ಲಿ ಎರೆಭೂತ ಹಕ್ಕಿಗಳು ತಂತಿಗೆ ಬಡಿದು ಸಾಯುವ ವಿಷಯ ಸುಪ್ರೀಂ ಕೋರ್ಟಿನ ತನಕ ಹೋಯಿತು. ತಂತಿಗಳನ್ನು ನೆಲದೊಳಗೆ ಹಾಕುವ ಬಗ್ಗೆ ಕೋರ್ಟು 2021ರಲ್ಲಿ ಆದೇಶ ಕೊಟ್ಟಿತು, 2024ರಲ್ಲಿ ಅದನ್ನು ಮಾರ್ಪಡಿಸಿ ತಜ್ಞರ ಸಮಿತಿಗೆ ಒಪ್ಪಿಸಿತು. ಒಂದು ಕಡೆ ಸೂರ್ಯನಿಂದ ವಿದ್ಯುತ್ತು ಬೇಕು, ಇನ್ನೊಂದು ಕಡೆ ಹಕ್ಕಿ ಉಳಿಯಬೇಕು. ಎರಡೂ ನಿಜವಾದ ಬೇಡಿಕೆಗಳೇ. ಅಂಥ ಜಗಳದ ನಡುವೆ ಇರುವ ನೆಲದ ಚಿತ್ರದಿಂದ ತಂತಿಯನ್ನು ಅಳಿಸಿದರೆ ಜಗಳವೇ ಇಲ್ಲ ಎಂದಂತಾಗುತ್ತದೆ.

ನನ್ನ ಸಂಶೋಧನೆಯೂ ಇದೇ ತೊಡಕಿನ ಇನ್ನೊಂದು ರೂಪ ಎಂದು ನನಗೆ ಅರ್ಥವಾದದ್ದು ಈ ಚಿತ್ರದ ಜೊತೆ ಕೂತಾಗ. ಆ ಹುಲ್ಲಿನ ನೆಲ ಕಾಗದದಲ್ಲಿ ‘ಬೀಳು’. ದೇಶದ ಮಟ್ಟದಲ್ಲಿ ಇಂಥ ಕುರುಚಲು, ಹುಲ್ಲು ನೆಲಗಳನ್ನು ಲೆಕ್ಕ ಹಾಕಲು ಇರುವ ದಾಖಲೆಯ ಹೆಸರೇ ವೇಸ್ಟ್‌ಲ್ಯಾಂಡ್ ಅಟ್ಲಾಸ್. ಬೀಳು ಎಂದು ಬರೆದವರು ಸುಳ್ಳು ಬರೆದಿಲ್ಲ, ಅಲ್ಲಿ ಬೆಳೆ ಇಲ್ಲ ನಿಜ. ಆದರೆ ತಾತನ ಅರವತ್ತು ಕುರಿಗಳಿಗೆ ಬೇಸಿಗೆಯ ಮುಂಚಿನ ಮೇವು ಅಲ್ಲಿದೆ. ಗೌಜಲಕ್ಕಿ, ನೆಲಗುಬ್ಬಿ, ಟಿಟ್ಟಿಭಗಳ ಗೂಡು ಅಲ್ಲಿದೆ. ಕಜಾಕಸ್ತಾನದ ಕಡೆಯಿಂದ ಬಂದಿರಬಹುದಾದ ಹಕ್ಕಿಯ ಹಾಸಿಗೆ ಅಲ್ಲಿದೆ. ಕಾಗದಕ್ಕೆ ಇವು ಬೀಳುವಷ್ಟು ಬೆಳಕು ಇಲ್ಲ, ಅಷ್ಟೇ.

ಗುತ್ತಿಗೆ ಹಣ ಪಡೆಯುವ ಮನೆಗಳಲ್ಲಿ ನಾನು ಊಟ ಮಾಡಿದ್ದೇನೆ. ಆ ಹಣದಿಂದ ಸಾಲ ತೀರಿದ್ದನ್ನು, ಮಗಳು ತುಮಕೂರಿನ ಹಾಸ್ಟೆಲಿನಲ್ಲಿ ಓದುತ್ತಿರುವುದನ್ನು ಕಂಡಿದ್ದೇನೆ. ಅದನ್ನು ಅಲ್ಲಗಳೆಯುವ ಮನಸ್ಸು ನನಗಿಲ್ಲ. ಆದರೆ ಹಣ ಬರುವುದು ಪಹಣಿಯಲ್ಲಿ ಹೆಸರಿದ್ದವರಿಗೆ. ತಾತನ ಹೆಸರಿನಲ್ಲಿ ಒಂದು ಗುಂಟೆಯೂ ಇಲ್ಲ. ಕೊಯ್ಲಾದ ಹೊಲ, ಬೀಳು, ಕೆರೆಯಂಗಳ, ಹೀಗೆ ಬೇರೆಯವರ ನೆಲದ ಹುಲ್ಲೇ ಅವರ ಆಸ್ತಿಯಾಗಿತ್ತು. ಹೊಲಗಳು ಬೇಲಿಯೊಳಗೆ ಹೋದ ಮೇಲೆ ಕುರಿ ಹಿಂದೆ ನಡೆಯುವ ದೂರ ಹೆಚ್ಚಿತು, ಕುರಿ ಕಡಿಮೆಯಾಯಿತು. ಪಾರ್ಕು ಇನ್ನೂ ಬೆಳೆಯುತ್ತದೆ ಎನ್ನುವ ಮಾತು ಊರಿನ ಹೋಟೆಲಿನಲ್ಲಿ ಆಗಾಗ ಕೇಳಿಬರುತ್ತದೆ. ಉಳಿದ ಬೀಳಿನಲ್ಲಿ ಏನಿದೆ ಎಂದು ಯಾರಾದರೂ ಕೇಳುವ ದಿನ ಬಂದರೆ ನನ್ನ ಹತ್ತಿರ ಇರುವುದು ಮಸುಕು ಚಿತ್ರಗಳು, ತಾತನ ಮಾತುಗಳು. ಎರಡನ್ನೂ ಯಾರೂ ಅನುಮಾನಿಸದಂತೆ ಇಟ್ಟುಕೊಳ್ಳಬೇಕು. ಗರಿ ಎಣಿಸಿ ತೋರಿಸುವ ಸುಂದರ ಚಿತ್ರದಲ್ಲಿ ಒಂದು ಗರಿ ಕಟ್ಟುಕಥೆ ಎಂದು ಗೊತ್ತಾದರೆ ಉಳಿದ ಎಲ್ಲ ಚಿತ್ರಗಳ ಮೇಲೂ ನಂಬಿಕೆ ಹೋಗುತ್ತದೆ. ಜೊತೆಗೆ ಆ ನೆಲದ ಮೇಲಿನ ನಂಬಿಕೆಯೂ.

ಚಿತ್ರವನ್ನು ಪಾವಗಡದ ಸ್ಟುಡಿಯೊದಲ್ಲಿ ಪ್ರಿಂಟ್ ಹಾಕಿಸಿ ತಾತನಿಗೆ ತೋರಿಸಿದೆ. ರವೆ, ತಂತಿ ಎಲ್ಲ ಇದ್ದ ಹಾಗೇ. ಕಣ್ಣಿನ ಹತ್ತಿರ ತಂದು, ದೂರ ಹಿಡಿದು, ಬಹಳ ಹೊತ್ತು ನೋಡಿದರು.

“ಗದ್ದ. ನೆಲದ ಮ್ಯಾಲೆ ಮಲಗೋ ಗದ್ದ.”

ತೆಲುಗಿನಲ್ಲಿ ಗದ್ದ ಎಂದರೆ ಹದ್ದು. ನೆಲದ ಮೇಲೆ ಮಲಗುತ್ತದೆ ಎಂದು ನಾನು ಹೇಳಿರಲಿಲ್ಲ.

“ನಿಮಗೆ ಹೆಂಗೆ ಗೊತ್ತು ತಾತ, ಅದು ನೆಲದ ಮೇಲೆ ಮಲಗ್ತದೆ ಅಂತ?”

“ಬೆಳಗಿನ ಜಾವ ಕುರಿ ಹೊಡ್ಕಂಡ್ ಹೋದ್ರೆ ಹುಲ್ಲೊಳಗಿಂದ ಎದ್ದು ಹೋಗ್ತದಲ್ಲಮ್ಮಾ. ಅದಕ್ಕೇ ನಾನು ಆ ಕಡೆ ಸ್ವಲ್ಪ ಹೊತ್ತಾಗಿ ಬಿಡ್ತೀನಿ ಕುರೀನ.”

ಪುಸ್ತಕ ಓದಿ ನಾನು ತಿಳಿದದ್ದನ್ನು ಅವರು ಕುರಿಯ ಹಿಂದೆ ನಡೆದು ತಿಳಿದಿದ್ದರು. ಹಕ್ಕಿಗಾಗಿ ಹೊತ್ತನ್ನೂ ಬದಲಿಸಿಕೊಂಡಿದ್ದರು. ನನ್ನ ನೋಟ್‌ಬುಕ್ಕಿನಲ್ಲಿ ಆ ದಿನದ ಮುಖ್ಯ ಸಾಲು ಅದು.

“ಚಿತ್ರ ಸ್ವಲ್ಪ ಮಸುಕಾಗಿದೆ ತಾತ,” ಎಂದೆ.

“ಆ ಹೊತ್ತಿಗೆ ಅದು ಹಿಂಗೇ ಕಾಣೋದು. ಇನ್ನೆಂಗೆ ಕಾಣ್ತದೆ?”

ಪ್ರಬಂಧದ ಅನುಬಂಧದಲ್ಲಿ ಆ ಚಿತ್ರ ಹಾಗೆಯೇ ಇರುತ್ತದೆ. ಕೆಳಗಿನ ಬರಹವನ್ನು ಈಗಾಗಲೇ ಬರೆದಿಟ್ಟಿದ್ದೇನೆ. ವಳ್ಳೂರು, ಬೀಳು ನೆಲ. ಸೂರ್ಯಾಸ್ತದ ನಂತರ ಹದಿನೇಳನೆಯ ನಿಮಿಷ. ಸೆಳೆವ, ಹೆಣ್ಣು ಅಥವಾ ಎಳೆಯದು, ಮಲಗಲು ಇಳಿಯುತ್ತಿರುವುದು. ಜಾತಿ ಖಚಿತವಿಲ್ಲ. ನೆಲದಲ್ಲಿ ಮಲಗುವ ಸಂಗತಿಯನ್ನು ದೃಢಪಡಿಸಿದವರು: ಈ ನೆಲದಲ್ಲಿ ಕುರಿ ಮೇಯಿಸುವವರು.